ಕದ್ದು ಓದುವ ಅಗತ್ಯವಿಲ್ಲ

ಪ್ರಶ್ನೆ: ನನಗೆ 24 ವರ್ಷ. ಊರು ಸಿರುಗುಪ್ಪ, ಕೆಲಸ ಬಳ್ಳಾರಿಯಲ್ಲಿ, ಪಿ.ಜಿ.ಯಲ್ಲಿದ್ದೇನೆ. ನಮ್ಮದು ಲಿಂಗಾಯತ ಮನೆತನ. ಕೆಲವು ತಿಂಗಳಿಂದ ಯಹೂದಿ ಧರ್ಮದ ಬಗ್ಗೆ ಓದುತ್ತಿದ್ದೇನೆ. ಯಾಕೆಂದು ಕೇಳಿದರೆ ಹೇಳಲು ಬರುವುದಿಲ್ಲ, ಮನಸ್ಸು ಅಲ್ಲಿಗೇ ಹೋಗುತ್ತದೆ. ಶುಕ್ರವಾರ ಸಂಜೆ ಫೋನ್ ಆಫ್ ಮಾಡಿ, ಎರಡು ಮೇಣದಬತ್ತಿ ಹಚ್ಚಿ, ನೆಟ್‌ನಲ್ಲಿ ಕಲಿತ ಹೀಬ್ರೂ ಪ್ರಾರ್ಥನೆ ಹೇಳುತ್ತೇನೆ. ರೂಮ್‌ಮೇಟ್ ಮೂಲಕ ಅಮ್ಮನಿಗೆ ಗೊತ್ತಾಯಿತು. "ನಮ್ಮ ಲಿಂಗ ನಿನಗೆ ಸಾಲದಾತೇನು?" ಎಂದು ಅತ್ತರು. ಕೌಲ್ ಬಜಾರಿನ ನನ್ನ ಮುಸ್ಲಿಂ ಗೆಳತಿ ಆಫೀಸಿನಲ್ಲಿ ಮಾತು ಕಡಿಮೆ ಮಾಡಿದ್ದಾಳೆ. ಅಜ್ಜಿಯ ಊರು ಕುರುಗೋಡಿಗೆ ಹೋದಾಗ ದೊಡ್ಡಬಸವೇಶ್ವರನ ಮುಂದೆ ಕೈಮುಗಿಯಲೂ ಸಂಕೋಚವಾಯಿತು. ನಾನು ಎಲ್ಲರಿಗೂ ಮೋಸ ಮಾಡುತ್ತಿದ್ದೇನಾ?

ಉತ್ತರ: ಮೊದಲು ಆ ಸಂಕೋಚದ ಬಗ್ಗೆ ಮಾತಾಡೋಣ. ಬಸವಣ್ಣನ ಮುಂದೆ ನಿಮ್ಮ ಕೈ ತಡೆಯಿತೆಂದರೆ ಎರಡೂ ಕಡೆಯ ಭಕ್ತಿಯನ್ನು ನೀವು ಹಗುರವಾಗಿ ಕಂಡಿಲ್ಲ. ಮೋಸ ಮಾಡುವವರಿಗೆ ಈ ತಳಮಳ ಇರುವುದಿಲ್ಲ. ಅಮ್ಮನ ಕಣ್ಣೀರು, ಗೆಳತಿಯ ಮೌನ, ಇವನ್ನೆಲ್ಲ ಒಬ್ಬರೇ ಹೊತ್ತುಕೊಂಡು ದಿನಾ ಕೆಲಸಕ್ಕೆ ಹೋಗಿಬರುವುದು ಎಷ್ಟು ಕಷ್ಟವೆಂದು ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಪತ್ರದಲ್ಲಿ ಓದಿನಿಂದ ಬಂದ ನೋವು ನನಗೆ ಕಾಣಲಿಲ್ಲ. ಮುಚ್ಚಿಟ್ಟಿದ್ದರಿಂದ ಬಂದ ನೋವೇ ಕಂಡಿತು. ಅಮ್ಮನಿಗೂ ವಿಷಯ ಬೇರೆಯವರ ಬಾಯಿಂದ ತಿಳಿಯಿತು. ಅವರ ಪ್ರಶ್ನೆ ಕೇಳಲಿಕ್ಕೆ ಲಿಂಗದ ಬಗ್ಗೆ ಇದೆ, ಒಳಗಿರುವ ಭಯ ಮಾತ್ರ ಮಗಳು ಕೈತಪ್ಪಿ ಹೋದಾಳೆಂಬುದು.

ಯಹೂದಿ ಧರ್ಮದ ಒಂದು ವಿಷಯ ನಿಮ್ಮಿಬ್ಬರಿಗೂ ಸಮಾಧಾನ ಕೊಡಬಹುದು. ಅದು ಹೊರಗಿನವರನ್ನು ತನ್ನೊಳಗೆ ಕರೆಯುವ ಧರ್ಮವಲ್ಲ. ಸೇರುತ್ತೇನೆಂದು ಬಂದವರನ್ನೂ ರಬ್ಬಿಗಳು, ಅಂದರೆ ಅವರ ಧರ್ಮಗುರುಗಳು, ಸಂಪ್ರದಾಯದಂತೆ ಮೊದಲು ಹಿಂದಕ್ಕೆ ಕಳಿಸಲು ನೋಡುತ್ತಾರೆ. ಯಹೂದಿಯಲ್ಲದವರು ನೋಹನ ಹೆಸರಿನ ಏಳು ಕಟ್ಟಳೆಗಳನ್ನು ಪಾಲಿಸಿದರೆ ಸಾಕು ಎಂಬುದು ಅವರ ನಂಬಿಕೆ. ಕೊಲೆ ಮಾಡಬಾರದು, ಕದಿಯಬಾರದು, ನ್ಯಾಯಸ್ಥಾನಗಳಿರಬೇಕು, ಇಂಥವು ಆ ಏಳರಲ್ಲಿವೆ. ಎಲ್ಲ ಜನಾಂಗಗಳ ಸಜ್ಜನರಿಗೂ ಪರಲೋಕದಲ್ಲಿ ಪಾಲಿದೆ ಎನ್ನುತ್ತಾರೆ ಅವರ ಹಿರಿಯರು. ಹಾಗಾಗಿ ಸೇರಬೇಕೋ ಬಿಡಬೇಕೋ ಎಂದು ನೀವು ಈಗ ತೀರ್ಮಾನಿಸಬೇಕಾಗಿಲ್ಲ. ಮುಂದೆಂದಾದರೂ ಆ ಯೋಚನೆ ಬಂದರೂ ಅದು ಬಹುಕಾಲದ ಅಧ್ಯಯನ, ಗುರುಗಳ ಮಂಡಳಿಯ ಪರೀಕ್ಷೆ ಎಲ್ಲ ಇರುವ ದಾರಿ. ನೆಟ್‌ನಲ್ಲಿ ಯಾರಾದರೂ ದುಡ್ಡು ಕೇಳಿ ಬೇಗ ಸೇರಿಸಿಕೊಳ್ಳುತ್ತೇವೆ ಎಂದರೆ ದಯವಿಟ್ಟು ದೂರವಿರಿ.

ಇದೆಲ್ಲ ಎಲ್ಲಿಯದೋ ಪರದೇಶದ ವಿಷಯ ಎಂದು ಮನೆಯಲ್ಲಿ ಅನಿಸಿರಬಹುದು. ಆದರೆ ಇದಕ್ಕೆ ಬಳ್ಳಾರಿಯ ನಂಟೂ ಇದೆ. ಲಂಡನ್ ಮಿಷನ್ನಿನ ಕ್ರೈಸ್ತ ಪಾದ್ರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದರು. ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತದ್ದು ಇದೇ ಊರಿನಲ್ಲಿ, ಮುಂದೆ ವಿಲಿಯಂ ರೀವ್ ಕೂಡ ಅವರ ಜೊತೆಗೂಡಿದರು. ಆ ಗ್ರಂಥದ ಹಳೆಯ ಒಡಂಬಡಿಕೆ ಮೂಲತಃ ಯಹೂದಿಗಳ ಧರ್ಮಗ್ರಂಥವೇ. ಮೋಶೆಯ ಕಥೆ ಕನ್ನಡಕ್ಕೆ ಬಂದದ್ದು ನೀವು ದಿನಾ ಓಡಾಡುವ ಊರಿನಲ್ಲಿ ಎಂದು ನೆನೆದರೆ ನನಗಂತೂ ಸಂತೋಷವಾಗುತ್ತದೆ. ಅಲ್ಲಿಂದಲೇ ಓದು ಶುರುಮಾಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಯಹೂದಿಗಳು ಅದನ್ನು ತಾಲ್ಮೂದ್‌ನಲ್ಲಿರುವ ಹಿರಿಯರ ವಾದ-ಚರ್ಚೆಗಳ ಜೊತೆಗೇ ಓದುತ್ತಾರೆ. ಒಂದು ಸಾಲಿಗೆ ನಾಲ್ಕು ಜನ ನಾಲ್ಕು ಅರ್ಥ ಹೇಳಿ, ಒಪ್ಪದ ಮಾತನ್ನೂ ಗೌರವದಿಂದ ಬರೆದಿಡುವುದು ಅವರ ಪದ್ಧತಿ. ನಿಮ್ಮ ಮನಸ್ಸನ್ನು ಎಳೆದದ್ದು ಬಹುಶಃ ಇದೇ ಇರಬಹುದು.

ಹಾಗೆಂದು ಎಲ್ಲ ಧರ್ಮವೂ ಒಂದೇ ಎಂದುಬಿಡಬೇಡಿ. ಪ್ರಾರ್ಥನೆಯ ಹೊತ್ತಿಗೆ ಅವರು ತೋಳಿಗೂ ಹಣೆಗೂ ಧರ್ಮಗ್ರಂಥದ ಸಾಲುಗಳಿರುವ ಪುಟ್ಟ ಪೆಟ್ಟಿಗೆ ಕಟ್ಟಿಕೊಳ್ಳುವುದನ್ನು ಓದಿದಾಗ ನಿಮಗೆ ಇಷ್ಟಲಿಂಗ ನೆನಪಾಗಿರಬಹುದು. ಆ ನೆನಪು ಒಳ್ಳೆಯದೇ. ಆದರೆ ಇಷ್ಟಲಿಂಗ ಪೂಜೆಗೊಳ್ಳುತ್ತದೆ, ಅವರ ಪೆಟ್ಟಿಗೆಗೆ ಪೂಜೆಯಿಲ್ಲ. ದೇವರಿಗೆ ಯಾವ ರೂಪವನ್ನೂ ಕೊಡಬಾರದೆಂಬುದು ಅವರ ಬಿಗಿಯಾದ ನಿಯಮ. ಹೋಲಿಕೆಯಷ್ಟೇ ವ್ಯತ್ಯಾಸವನ್ನೂ ಕಂಡರೆ ನಿಮ್ಮ ಮನೆಯ ನಂಬಿಕೆಯೂ ನಿಮಗೆ ಇನ್ನಷ್ಟು ತಿಳಿಯುತ್ತದೆ.

ಇನ್ನು ಮೇಣದಬತ್ತಿಯ ವಿಷಯ. ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರ ಮೂಡುವವರೆಗಿನ ಶಬ್ಬಾತ್ ವಿಶ್ರಾಂತಿಯನ್ನು ಅವರು ದೇವರಿಗೂ ತಮಗೂ ನಡುವಿನ ಒಪ್ಪಂದದ ಗುರುತೆಂದು ಪಾಲಿಸುತ್ತಾರೆ. ದೀಪ ಹಚ್ಚುವಾಗಿನ ಪ್ರಾರ್ಥನೆಯಲ್ಲಿ ಆ ಆಜ್ಞೆ ತಮಗೆ ಕೊಟ್ಟದ್ದೆಂದು ಹೇಳಿಕೊಳ್ಳುತ್ತಾರೆ. ಆ ಮಾತನ್ನು ಅವರಿಗೇ ಬಿಡೋಣ. ಫೋನ್ ಇಲ್ಲದ ನಿಮ್ಮ ಶಾಂತ ಸಂಜೆಯನ್ನು ಮಾತ್ರ ಯಾರೂ ಕಿತ್ತುಕೊಳ್ಳಬೇಕಿಲ್ಲ, ಅದನ್ನು ನಿಮ್ಮದೇ ರೀತಿಯಲ್ಲಿ ಉಳಿಸಿಕೊಳ್ಳಿ.

ಗೆಳತಿಯ ಮೌನಕ್ಕೆ ಇಸ್ರೇಲ್ ಗಾಜಾದಲ್ಲಿ ನಡೆಸಿದ ಯುದ್ಧದ ಸುದ್ದಿ ಕಾರಣವಿರಬಹುದು. ಆಕೆಯ ನೋವನ್ನು ಮೊದಲು ಕೇಳಿ, ವಾದಕ್ಕೆ ಇಳಿಯಬೇಡಿ. ಒಂದು ಸರ್ಕಾರ ಮಾಡಿದ್ದಕ್ಕೆ ಒಂದು ಧರ್ಮದವರೆಲ್ಲ ಹೊಣೆಯಲ್ಲ, ಯಹೂದಿಗಳಲ್ಲೇ ಆ ಬಗ್ಗೆ ಒಮ್ಮತವಿಲ್ಲ. ಸತ್ತವರಿಗಾಗಿ ಮರುಗುತ್ತಲೇ ಒಂದು ಧರ್ಮದ ಬಗ್ಗೆ ಕಲಿಯಬಹುದು.

ಅಮ್ಮನ ಜೊತೆಗಿನ ಮಾತು ಫೋನಿನಲ್ಲಿ ಬೇಡ. ಮುಂದಿನ ಸಲ ಸಿರುಗುಪ್ಪಕ್ಕೆ ಹೋದಾಗ ಅಡುಗೆಮನೆಯಲ್ಲಿ ಅವರ ಪಕ್ಕ ಕೂತು, "ಮುಚ್ಚಿಟ್ಟಿದ್ದು ತಪ್ಪಾಯ್ತಮ್ಮ, ನಾನು ಓದುತ್ತಿದ್ದೇನೆ, ಎಲ್ಲಿಗೂ ಹೋಗ್ತಿಲ್ಲ" ಎನ್ನಿ. ದೇವರ ಬಗ್ಗೆ ವಾದ ಮಾಡುವ ಬದಲು ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳ ಕಥೆ ಹೇಳಿ. ಹಿಂದೆ ಅವರು ಎಣ್ಣೆ ಗಾಣದ ಕೆಲಸ ಮಾಡುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಯವರು ಅವರನ್ನು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು, ಎಂದು ಕರೆದರು. ಪ್ರವಾದಿ ಎಲೀಯನ ಹೆಸರಿನಲ್ಲಿ ಅವಲಕ್ಕಿ, ಕಾಯಿತುರಿ, ಹಣ್ಣು ಬೆರೆಸಿ ಮಲೀದಾ ಮಾಡುತ್ತಾರೆ. ಪೀರಲ ಹಬ್ಬದ ಮಲೀದಾ ಉಂಡು ಬೆಳೆದವರಿಗೆ ಆ ಹೆಸರು ಅಪರಿಚಿತವಲ್ಲ. ಇದನ್ನು ಓದುತ್ತಿರುವ ತಂದೆತಾಯಿಯರಿಗೂ ಒಂದು ವಿನಂತಿ. ಮಕ್ಕಳು ಬೇರೆ ಧರ್ಮದ ಪುಸ್ತಕ ಹಿಡಿದಾಗ ಅಳುವ ಮುಂಚೆ "ಏನು ಓದುತ್ತಿದ್ದೀ, ನನಗೂ ಹೇಳು" ಎಂದು ಕೇಳಿ.

ಅಪರಾಧಭಾವದಿಂದ ನಿದ್ದೆ, ಊಟ ಕೆಟ್ಟಿದ್ದರೆ ತಡಮಾಡಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜನ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋರೋಗ ವಿಭಾಗಕ್ಕೂ ಹೋಗಬಹುದು.

ಸಾಧ್ಯವಾದಾಗ ಒಮ್ಮೆ ಅವರ ಪ್ರಾರ್ಥನಾ ಮಂದಿರ ನೋಡಿ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗ್ ಪ್ರವಾಸಿಗರಿಗೆ ತೆರೆದಿರುತ್ತದೆ, ಶನಿವಾರ ಹೋಗಬೇಡಿ. ಪುಣೆ, ಮುಂಬೈಯ ಮಂದಿರಗಳಿಗೆ ಹೋಗುವುದಾದರೆ ಮುಂಚೆಯೇ ಪತ್ರ ಬರೆದು ಒಪ್ಪಿಗೆ ಪಡೆಯಿರಿ, ಗುರುತಿನ ಚೀಟಿ ಇಟ್ಟುಕೊಳ್ಳಿ. 2008ರ ನವೆಂಬರಿನಲ್ಲಿ ಮುಂಬೈಯ ಯಹೂದಿ ಕೇಂದ್ರವಾದ ನರಿಮನ್ ಹೌಸ್‌ನಲ್ಲಿ ರಬ್ಬಿ ದಂಪತಿಯನ್ನು ಉಗ್ರರು ಕೊಂದರು, ಆದ್ದರಿಂದ ಬಾಗಿಲಲ್ಲಿ ತಪಾಸಣೆ ಮಾಡಿದರೆ ನೊಂದುಕೊಳ್ಳಬೇಡಿ. ಅಮ್ಮ ಬರುತ್ತೇನೆಂದರೆ ಅವರನ್ನೂ ಕರೆದುಕೊಂಡು ಹೋಗಿ.