ಸರಕು ನಮ್ಮದು, ಹಡಗು ಯಾರದು?

ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಹಡಗು ಕಂಡವರು ಅದರ ಗಾತ್ರಕ್ಕೇ ಬೆರಗಾಗುತ್ತಾರೆ. ಮುಂದಿನ ಸಲ ಹಡಗಿನ ಹಿಂಬದಿಯನ್ನೂ ಗಮನಿಸಿ. ಅಲ್ಲಿ ಹಡಗಿನ ಹೆಸರಿನ ಕೆಳಗೆ ಒಂದು ಊರಿನ ಹೆಸರಿರುತ್ತದೆ. ಅದು ನೋಂದಣಿಯಾದ ಬಂದರು. 'ಮುಂಬೈ' ಎಂದಿದ್ದು, ಮೂಲೆಯಲ್ಲಿ ತ್ರಿವರ್ಣವಿರುವ ಕೆಂಪು ಬಾವುಟ ಹಾರುತ್ತಿದ್ದರೆ ಅದು ಭಾರತದ ವಾಣಿಜ್ಯ ಹಡಗು. ಆದರೆ ಎಷ್ಟೋ ಹಡಗುಗಳ ಮೇಲೆ ಪನಾಮ, ಮೊನ್ರೋವಿಯ, ಮಜುರೊ ಎಂದು ಬರೆದಿರುತ್ತದೆ, ಅವು ಪರದೇಶದ ಬಾವುಟದವು.

ನಮ್ಮ ಬಾವುಟದ ವಾಣಿಜ್ಯ ಹಡಗುಗಳೆಲ್ಲ ಸೇರಿದರೆ ದೇಶದ ವಾಣಿಜ್ಯ ನೌಕಾಬಳಗವಾಯಿತು. ಇದು ಯುದ್ಧ ಮಾಡುವ ನೌಕಾಪಡೆಯಲ್ಲ, ಸರಕು ಸಾಗಿಸಿ ಬಾಡಿಗೆ ದುಡಿಯುವ ಬಳಗ. ತೂಕದ ಲೆಕ್ಕದಲ್ಲಿ ನಮ್ಮ ವಿದೇಶ ವ್ಯಾಪಾರದ ಸುಮಾರು ಶೇ. 95ರಷ್ಟು ಸಾಗುವುದು ಸಮುದ್ರದ ಮೇಲೆಯೇ. ಹಡಗು ಪರರದಾದರೆ ಬಾಡಿಗೆಯೂ ಪರರ ಪಾಲು, ದರ ಕಟ್ಟುವ ಅಧಿಕಾರವೂ ಅವರದೇ.

ಈ ಅಧಿಕಾರದ ಬಿಸಿ ಹೇಗಿರುತ್ತದೆಂದು ಸ್ವಾತಂತ್ರ್ಯ ಹೋರಾಟಗಾರ ವಿ.ಓ. ಚಿದಂಬರಂ ಪಿಳ್ಳೆ ಬಲ್ಲವರಾಗಿದ್ದರು. 1906ರಲ್ಲಿ ಅವರು ತೂತುಕುಡಿಯಲ್ಲಿ ಸ್ವದೇಶಿ ಹಡಗು ಕಂಪನಿ ಕಟ್ಟಿ ಕೊಲಂಬೊಗೆ ಹಡಗು ಬಿಟ್ಟರು. ಎದುರಾಳಿ ಬ್ರಿಟಿಷ್ ಕಂಪನಿ ಟಿಕೆಟ್ ದರ ಇಳಿಸಿತು, ಇವರೂ ಇಳಿಸಿದರು. ಕೊನೆಗೆ ಅದು ಪುಕ್ಕಟೆ ಪ್ರಯಾಣದ ಜೊತೆಗೆ ಕೊಡೆಯನ್ನೂ ಕೊಡಲು ಮುಂದಾಯಿತೆಂದು ಹೇಳುತ್ತಾರೆ. ದೊಡ್ಡ ಬಂಡವಾಳದವರು ನಷ್ಟವನ್ನು ವರ್ಷಗಟ್ಟಲೆ ನುಂಗಬಲ್ಲರು, ಜನರಿಗೆ ಷೇರು ಮಾರಿ ಕಟ್ಟಿದ ಕಂಪನಿಗೆ ಅದಾಗದು. 1908ರಲ್ಲಿ ಪಿಳ್ಳೆಯವರಿಗೆ ರಾಜದ್ರೋಹದ ಆರೋಪದಲ್ಲಿ ಶಿಕ್ಷೆಯಾಯಿತು. ಜೈಲಿನಲ್ಲಿ ಎತ್ತಿನ ಬದಲು ಅವರಿಂದ ಗಾಣ ಎಳೆಸಿದರು. ಅವರು ಹೊರಬರುವ ಮೊದಲೇ ಕಂಪನಿ ಮುಚ್ಚಿತ್ತು.

ಮುಂದಿನ ಸಾಹಸ ಮುಂಬಯಿಯದು. ವಾಲ್‌ಚಂದ್ ಹಿರಾಚಂದ್, ನರೋತ್ತಮ ಮೊರಾರ್ಜಿ ಎಂಬ ಉದ್ಯಮಿಗಳು ಮತ್ತು ಜೊತೆಗಾರರು ಗ್ವಾಲಿಯರ್ ಮಹಾರಾಜರಿಂದ ಒಂದು ಹಳೆಯ ಹಡಗು ಕೊಂಡರು. ಮೊದಲ ಮಹಾಯುದ್ಧದಲ್ಲಿ ಅದು ಗಾಯಾಳುಗಳ ಆಸ್ಪತ್ರೆಯಾಗಿತ್ತು. ಅವರು ಕಟ್ಟಿದ ಸಿಂಧಿಯಾ ಹಡಗು ಕಂಪನಿಯ ಆ 'ಎಸ್.ಎಸ್. ಲಾಯಲ್ಟಿ' 1919ರ ಏಪ್ರಿಲ್ 5ರಂದು ಲಂಡನ್ನಿಗೆ ಹೊರಟಿತು. 1964ರಿಂದ ಆ ದಿನವೇ ರಾಷ್ಟ್ರೀಯ ನೌಕಾಯಾನ ದಿನ. ಆದರೆ ಬ್ರಿಟಿಷ್ ಪೈಪೋಟಿಯೆದುರು ಸಿಂಧಿಯಾ 1923ರಲ್ಲಿ ಹತ್ತು ವರ್ಷದ ಒಪ್ಪಂದಕ್ಕೆ ಸಹಿ ಹಾಕಿ, ಕರಾವಳಿ ವ್ಯಾಪಾರಕ್ಕಷ್ಟೇ ಸೀಮಿತವಾಗಬೇಕಾಯಿತು.

ಸ್ವಾತಂತ್ರ್ಯ ಬಂದ ಮೇಲೆ ನಮ್ಮದೇ ನೌಕಾಬಳಗ ಕಟ್ಟುವ ಕೆಲಸ ಚುರುಕಾಯಿತು. ವಾಲ್‌ಚಂದ್ ವಿಶಾಖಪಟ್ಟಣದಲ್ಲಿ ಕಟ್ಟಿಸಿದ ಹಡಗುಕಟ್ಟೆಯಲ್ಲಿ 1948ರಲ್ಲಿ ನೆಹರೂ 'ಜಲ ಉಷಾ' ಹಡಗನ್ನು ನೀರಿಗಿಳಿಸಿದರು. 1961ರಲ್ಲಿ ಸರ್ಕಾರಿ ಶಿಪ್ಪಿಂಗ್ ಕಾರ್ಪೊರೇಷನ್ ಹುಟ್ಟಿತು.

ಹಡಗಿನಷ್ಟೇ ಮುಖ್ಯ ಅದನ್ನು ನಡೆಸುವವರು. ಬ್ರಿಟಿಷ್ ಹಡಗುಗಳಲ್ಲಿ ನಮ್ಮವರು ಕಲ್ಲಿದ್ದಲು ಎತ್ತುವ, ಡೆಕ್ ತೊಳೆಯುವ ಲಷ್ಕರ್‌ಗಳಾಗಿ ದುಡಿದರು. ಅಧಿಕಾರಿಯ ಹುದ್ದೆಗೆ ಭಾರತೀಯ ಹುಡುಗರನ್ನು ತಯಾರು ಮಾಡಲು ಮುಂಬಯಿಯಲ್ಲಿ 'ಡಫರಿನ್' ತರಬೇತಿ ಹಡಗು ಬಂದದ್ದು 1927ರಲ್ಲಿ. ಇಂದು ಪಣಂಬೂರಿಗೆ ಬರುವ ಪನಾಮ ಬಾವುಟದ ಹಡಗಿನಲ್ಲೂ ಕ್ಯಾಪ್ಟನ್ ಭಾರತೀಯನೇ ಇರಬಹುದು. ನಾವಿಕರನ್ನು ಜಗತ್ತಿಗೇ ಕೊಡುತ್ತಿರುವ ದೇಶದ ವಿದೇಶ ಸರಕಿನ ಬಹುಪಾಲು ಮಾತ್ರ ಇನ್ನೂ ಪರರ ಹಡಗಿನಲ್ಲೇ ಸಾಗುತ್ತಿದೆ.