ಫ್ಲಾಸ್ಕ್‌ನಲ್ಲಿ ಕಟ್ಟಿ, ಫ್ರೀಜ್ ಮಾಡಿ, ಉಚಿತವಾಗಿ ಏರಿಸಿ

ಹಳೆ ವಿದ್ಯಾರ್ಥಿ ಸಂಘಕ್ಕೋ ಊರಿನ ಗ್ರಂಥಾಲಯಕ್ಕೋ ಒಂದು ವೆಬ್‌ಸೈಟ್ ಬೇಕು ಅಂದುಕೊಳ್ಳಿ. ನಾಲ್ಕಾರು ಪುಟ, ಒಂದಿಷ್ಟು ಫೋಟೊ, ತಿಂಗಳಿಗೊಮ್ಮೆ ಬದಲಾಗುವ ಕಾರ್ಯಕ್ರಮ ಪಟ್ಟಿ. ಇಷ್ಟಕ್ಕೆ ಹಗಲೂ ರಾತ್ರಿ ಓಡುವ ಸರ್ವರ್ ಬಾಡಿಗೆಗೆ ಹಿಡಿಯುವುದು ದಂಡ. ಎರಡನೇ ವರ್ಷ ಹಣ ಕಟ್ಟುವವರಿಲ್ಲದೆ ಸೈಟ್ ಮುಚ್ಚಿಹೋಗುವುದನ್ನು ಕಂಡು ಬೇಸರಪಟ್ಟವನು ನಾನು. ಪೈಥಾನ್ ಅಲ್ಪಸ್ವಲ್ಪ ಬಲ್ಲವರಿಗೆ ಬೇರೆ ದಾರಿಯಿದೆ. 2010ರಲ್ಲಿ ಆರ್ಮಿನ್ ರೊನಾಖರ್ ಹೊರತಂದ ಫ್ಲಾಸ್ಕ್‌ನಲ್ಲಿ ಸೈಟ್ ಕಟ್ಟಿ, ಫ್ರೋಜನ್-ಫ್ಲಾಸ್ಕ್ ಎಂಬ ಎಕ್ಸ್‌ಟೆನ್ಷನ್‌ನಿಂದ ಅದನ್ನು ಬರೀ ಎಚ್‌ಟಿಎಂಎಲ್ ಫೈಲುಗಳಾಗಿ ಇಳಿಸಿಕೊಂಡು, ಅಂಥ ಫೈಲುಗಳನ್ನು ಉಚಿತವಾಗಿ ತೋರಿಸುವ ಗಿಟ್‌ಹಬ್ ಪೇಜಸ್‌ಗೆ ಏರಿಸುವುದು.

ಮೊದಲು ಪಿಪ್ ಮೂಲಕ ಎರಡನ್ನೂ ಇನ್‌ಸ್ಟಾಲ್ ಮಾಡಿ. ತಲೆಬರಹ, ಮೆನು ಇರುವ ಒಂದು ಮೂಲ ಟೆಂಪ್ಲೇಟ್ ಬರೆದರೆ ಉಳಿದ ಪುಟಗಳು ಅದರ ಮೇಲೆ ನಿಲ್ಲುತ್ತವೆ. ಪುಟದ ವಿಳಾಸಗಳೆಲ್ಲ ಸ್ಲ್ಯಾಶ್‌ನಿಂದ ಮುಗಿಯಲಿ. ಸ್ಲ್ಯಾಶ್ ಬಿಟ್ಟರೆ ಹೆಸರಿನ ಕೊನೆಗೆ ಎಚ್‌ಟಿಎಂಎಲ್ ಎಂದಿಲ್ಲದ ಫೈಲ್ ತಯಾರಾಗಿ, ಬ್ರೌಸರ್ ಅದನ್ನು ತೋರಿಸುವ ಬದಲು ಡೌನ್‌ಲೋಡ್ ಮಾಡಿಬಿಡಬಹುದು.

ಇನ್ನೊಂದು ಪೈಥಾನ್ ಫೈಲ್‌ನಲ್ಲಿ ಫ್ರೋಜನ್-ಫ್ಲಾಸ್ಕ್‌ನ ಫ್ರೀಜರ್ ಅನ್ನು ಇಂಪೋರ್ಟ್ ಮಾಡಿ, ಅದಕ್ಕೆ ನಿಮ್ಮ ಆ್ಯಪ್ ಒಪ್ಪಿಸಿ, ಫ್ರೀಜ್ ಎಂದು ಕರೆಯಿರಿ. ಕೆಲವೇ ಸಾಲು. ಅದು ಓದುಗನ ಹಾಗೆ ಒಂದೊಂದೇ ಪುಟ ತೆರೆದು, ಬಂದದ್ದನ್ನು ಬಿಲ್ಡ್ ಎಂಬ ಫೋಲ್ಡರಿಗೆ ಉಳಿಸುತ್ತದೆ. ವರ್ಷಕ್ಕೊಂದು ವರದಿ ಎಂಬಂಥ, ವಿಳಾಸದಲ್ಲಿ ಬದಲಾಗುವ ಭಾಗವಿರುವ ಪುಟಗಳು ಅದಕ್ಕೆ ತಾನಾಗಿ ಸಿಗಬೇಕಾದರೆ ಬೇರೆ ಪುಟದಿಂದ ಯುಆರ್‌ಎಲ್-ಫಾರ್ ಬಳಸಿ ಕೊಂಡಿ ಕೊಟ್ಟಿರಬೇಕು. ಕೈಯಿಂದ ಟೈಪ್ ಮಾಡಿದ ಕೊಂಡಿಯನ್ನು ಅದು ಗುರುತಿಸುವುದಿಲ್ಲ.

ನಾನು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದ್ದ ಸೈಟ್ ಏರಿಸಿದ ಮೇಲೆ ಬಣ್ಣವಿಲ್ಲ, ಚಿತ್ರವಿಲ್ಲ, ಬೋಳು ಅಕ್ಷರವಷ್ಟೇ. ಗಿಟ್‌ಹಬ್ ವಿಳಾಸದ ಕೊನೆಗೆ, ಸೈಟಿನ ಫೈಲುಗಳನ್ನಿಟ್ಟ ರೆಪೊಸಿಟರಿಯ ಹೆಸರು ಸೇರುತ್ತದೆ. ನನ್ನ ಸ್ಟೈಲ್ ಫೈಲಿನ ಕೊಂಡಿ ಅದನ್ನು ಬಿಟ್ಟು ಬುಡದಿಂದ ಹುಡುಕುತ್ತಿತ್ತು. ಫ್ರೀಜರ್-ರಿಲೇಟಿವ್-ಯುಆರ್‌ಎಲ್ಸ್ ಎಂಬ ಸೆಟಿಂಗ್ ಅನ್ನು ಟ್ರೂ ಮಾಡಿದ್ದೇ ಸರಿಹೋಯಿತು. ನೀವು ಇದನ್ನು ಮೊದಲೇ ಮಾಡಿಕೊಳ್ಳಿ. ಹಾಗೆಯೇ ಫ್ರೀಜರ್-ಡೆಸ್ಟಿನೇಷನ್‌ನಲ್ಲಿ ಡಾಕ್ಸ್ ಎಂದು ಬರೆಯಿರಿ, ಆಗ ಪುಟಗಳು ಬಿಲ್ಡ್ ಬದಲು ಡಾಕ್ಸ್ ಫೋಲ್ಡರಿಗೆ ಬರುತ್ತವೆ. ಮತ್ತೆ ಫ್ರೀಜ್ ಮಾಡಿ, ಆಮೇಲೆ ಪುಶ್ ಮಾಡಿ, ರೆಪೊಸಿಟರಿಯ ಸೆಟಿಂಗ್ಸ್‌ನಲ್ಲಿ ಪೇಜಸ್ ತೆರೆದು, ಮೇನ್ ಬ್ರಾಂಚ್, ಡಾಕ್ಸ್ ಫೋಲ್ಡರ್ ಆರಿಸಿದರೆ ಕೆಲವೇ ನಿಮಿಷದಲ್ಲಿ ಸೈಟ್ ಸಿದ್ಧ.

ಸ್ವಂತ ಡೊಮೈನ್ ಜೋಡಿಸುವವರು ಗಮನಿಸಿ: ಗಿಟ್‌ಹಬ್ ಆಗ ಸಿ-ನೇಮ್ ಎಂಬ ಫೈಲನ್ನು ಡಾಕ್ಸ್‌ನಲ್ಲಿಡುತ್ತದೆ. ಫ್ರೀಜರ್ ತಾನು ಮಾಡದ ಫೈಲುಗಳನ್ನು ಅಳಿಸಿಹಾಕುತ್ತದೆ. ಆದ್ದರಿಂದ ಸಿ-ನೇಮ್ ಫೈಲಿನ ಹೆಸರನ್ನು ಫ್ರೀಜರ್-ಡೆಸ್ಟಿನೇಷನ್-ಇಗ್ನೋರ್ ಪಟ್ಟಿಗೆ ಸೇರಿಸಿ.

ಲಾಗಿನ್, ಸರ್ವರ್ ಬೇಡುವ ಫಾರ್ಮ್ ಇಲ್ಲಿ ನಡೆಯವು. ನೋಂದಣಿಗೆ ಗೂಗಲ್ ಫಾರ್ಮ್‌ನ ಕೊಂಡಿ ಸಾಕು. ಸೈಟಿನ ಗಾತ್ರಕ್ಕೆ 1 ಜಿಬಿ ಮಿತಿಯಿದೆ, ಫೋಟೊಗಳನ್ನು ಕುಗ್ಗಿಸಿ ಹಾಕಿ. ಉಚಿತ ಖಾತೆಯಲ್ಲಿ ರೆಪೊಸಿಟರಿ ಎಲ್ಲರಿಗೂ ಕಾಣುವಂತಿರಬೇಕು. ಸದಸ್ಯರ ಫೋನ್ ನಂಬರು ಅದರಲ್ಲಿ ಖಂಡಿತ ಬೇಡ. ಮತ್ತೆ, ದಯವಿಟ್ಟು ಸಂಘದ ಇನ್ನೊಬ್ಬರಿಗಾದರೂ ರೆಪೊಸಿಟರಿ ತಿದ್ದುವ ಅನುಮತಿ ಕೊಟ್ಟು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಫ್ರೀಜ್, ಪುಶ್ ಎರಡನ್ನೂ ಕಲಿಸಿಕೊಡಿ.