ಗಣಿಗಿಂತ ಮುಂಚೆ ಸಭೆ ಬರುತ್ತದೆ: ಪರಿಸರ ಆಲಿಕೆಗೆ ರೈತರ ತಯಾರಿ

ಊರ ಗುಡ್ಡದಲ್ಲಿ ಗಣಿ ಬರ್ತದಂತೆ ಅನ್ನೋ ಸುದ್ದಿ ಮೊದಲು ವಾಟ್ಸಾಪಿನಲ್ಲಿ ಓಡಾಡುತ್ತದೆ. ಆಮೇಲೆ ಗುರುತು ಪರಿಚಯ ಇಲ್ಲದ ಜೀಪು, ಸರ್ವೆಯವರು. ಕೊನೆಗೊಂದು ದಿನ ಪತ್ರಿಕೆಯಲ್ಲಿ ‘ಪರಿಸರ ಸಾರ್ವಜನಿಕ ಆಲಿಕೆ ಸಭೆ’ ಎಂಬ ಪ್ರಕಟಣೆ. ಅಲ್ಲಿಂದ ಸಭೆಗೆ ಇರೋದು ಸುಮಾರು ಒಂದು ತಿಂಗಳು. ಆ ಒಂದು ತಿಂಗಳನ್ನು ಹೇಗೆ ಬಳಸಬೇಕು ಅನ್ನೋದೇ ಈ ವಾರದ ಪಾಠ.

ತೋಟಗಾರಿಕೆ ಅಂಕಣದಲ್ಲಿ ಗಣಿ ವಿಷಯ ಯಾಕೆ ಅಂತ ಕೇಳಬೇಡಿ. ಕೊಳವೆಬಾವಿ ಒಣಗಿದರೆ ಜೀವಾಮೃತ ಹಾಕಿ ಏನು ಪ್ರಯೋಜನ?

ಈ ಸಭೆ ಏನು, ಏನಲ್ಲ

ಕೇಂದ್ರ ಸರ್ಕಾರದ 2006ರ ಸೆಪ್ಟೆಂಬರ್ 14ರ ಇಐಎ ಅಧಿಸೂಚನೆ ಪ್ರಕಾರ, ದೊಡ್ಡ ಗಣಿಗೆ ಪರಿಸರ ಅನುಮತಿ ಕೊಡುವ ಮುಂಚೆ ಸ್ಥಳೀಯರ ಮಾತು ಕೇಳಬೇಕು. ಸಭೆ ಏರ್ಪಡಿಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿಯದು, ಇಲ್ಲವೇ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅವರ ಪ್ರತಿನಿಧಿಯದು.

ಇಲ್ಲಿ ಮತ ಹಾಕೋದಿಲ್ಲ, ಕೋರಂ ಕೂಡ ಇಲ್ಲ. ಸಾವಿರ ಜನ ‘ಬೇಡ’ ಎಂದು ಕೂಗಿದರೂ ಗಣಿ ಅಲ್ಲೇ ರದ್ದಾಗುವುದಿಲ್ಲ. ಇದನ್ನು ಗ್ರಾಮಸಭೆ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿ ಬೇಡ ಎಂದದ್ದು 12 ಗ್ರಾಮಸಭೆಗಳು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಅರಣ್ಯ ಹಕ್ಕು ಕಾಯ್ದೆಯಡಿ ಆ ಸಭೆಗಳು ನಡೆದವು, ಹನ್ನೆರಡೂ ಊರು ಒಂದೇ ಮಾತು ಹೇಳಿದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಅನುಮತಿ ನಿರಾಕರಿಸಿತು. ಅದು ಅರಣ್ಯ ಹಕ್ಕಿನ ದಾರಿ. ಪರಿಸರ ಆಲಿಕೆಯ ದಾರಿಯೇ ಬೇರೆ.

ಹಾಗಾದರೆ ಆಲಿಕೆಯಿಂದ ಉಪಯೋಗ ಏನು? ಅಲ್ಲಿ ದಾಖಲಾಗುವ ಮಾತು. ಅನುಮತಿ ಕೊಡುವ ಸಮಿತಿ ನಿಮ್ಮ ಊರಿಗೆ ಬಂದೇ ಬರ್ತದೆ ಅನ್ನೋ ಖಾತ್ರಿ ಇಲ್ಲ, ಅವರ ಮೇಜಿಗೆ ಹೋಗೋದು ಕಾಗದ. ನಾಳೆ ಕೋರ್ಟಿನ ಮುಂದೆ ಹೋಗೋದೂ ಅದೇ ಕಾಗದ. ಗೋವಾದ ಕಾವ್ರೆ ಗ್ರಾಮದ ಕಬ್ಬಿಣದ ಅದಿರು ಗಣಿ ವಿಚಾರವಾಗಿ ಊರಿನ ಉತ್ಕರ್ಷ ಮಂಡಳ ದೆಹಲಿ ಹೈಕೋರ್ಟಿಗೆ ಹೋಗಿತ್ತು. 2009ರ ನವೆಂಬರ್‌ನಲ್ಲಿ ಬಂದ ತೀರ್ಪು ಎರಡು ಮುಖ್ಯ ಮಾತು ಹೇಳಿತು: ವರದಿಯ ಸಾರಾಂಶ ಸಭೆಗೆ ಕನಿಷ್ಠ 30 ದಿನ ಮೊದಲೇ ಜನರಿಗೆ ಸಿಗಬೇಕು, ಜನ ಎತ್ತಿದ ಆಕ್ಷೇಪಗಳನ್ನು ತಜ್ಞರ ಸಮಿತಿ ಪರಿಶೀಲಿಸಿ, ಒಪ್ಪಿದ್ದಕ್ಕೋ ಬಿಟ್ಟದ್ದಕ್ಕೋ ಕಾರಣ ಬರೆಯಬೇಕು. ಛತ್ತೀಸ್‌ಗಢದ ರಾಯಗಢ ಜಿಲ್ಲೆಯಲ್ಲಿ 2008ರ ಜನವರಿಯಲ್ಲಿ ಗಾರೆ ಕಲ್ಲಿದ್ದಲು ಗಣಿಗಾಗಿ ಆಲಿಕೆ ನಡೆಯಿತು. ಅದು ನಿಯಮದಂತೆ ನಡೆದಿಲ್ಲ ಎಂದು 2012ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಗಣಿಯ ಪರಿಸರ ಅನುಮತಿಯನ್ನೇ ರದ್ದು ಮಾಡಿತು.

ಎರಡೂ ಕಡೆ ಕೆಲಸಕ್ಕೆ ಬಂದದ್ದು ಗಂಟಲಲ್ಲ, ದಾಖಲೆ.

ಪ್ರಕಟಣೆ ಬಂದ ದಿನವೇ ನೋಡಬೇಕಾದದ್ದು

1. ಪ್ರಕಟಣೆಯ ದಿನಕ್ಕೂ ಸಭೆಯ ದಿನಕ್ಕೂ ಕನಿಷ್ಠ 30 ದಿನ ಅಂತರ ಇದೆಯಾ? ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಅದು ಬಂದಿರಬೇಕು. ಪತ್ರಿಕೆಯ ಹೆಸರು, ದಿನಾಂಕ ಕಾಣುವಂತೆ ಫೋಟೊ ತೆಗೆದಿಡಿ.

2. ಇಐಎ ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯ್ತಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ನೋಡಲು ಸಿಗಬೇಕು. ಅದರ ಸಾರಾಂಶ ಕನ್ನಡದಲ್ಲೂ ಇರಬೇಕು. ಇಬ್ಬರು ಹೋಗಿ ಕೇಳಿ. ‘ಇಲ್ಲ’ ಅಂದರೆ ಬಾಯಿ ಮಾತಿಗೆ ಬಿಟ್ಟು ಬರಬೇಡಿ. ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

3. ಸಾರಾಂಶ ಮಂಡಳಿಯ ವೆಬ್‌ಸೈಟಿನಲ್ಲಿದ್ದರೆ ಇಳಿಸಿಕೊಳ್ಳಿ. ಕೇಂದ್ರದ ಪರಿವೇಶ್ ಪೋರ್ಟಲಿನಲ್ಲೂ ಯೋಜನೆಯ ಹೆಸರು ಹಾಕಿ ಹುಡುಕಿ.

ಒಂದು ಎಚ್ಚರಿಕೆ. ‘ಬಿ2’ ವರ್ಗಕ್ಕೆ ಸೇರಿದ ಚಿಕ್ಕ ಗಣಿಗಳಿಗೆ ಆಲಿಕೆ ಇರುವುದಿಲ್ಲ. 2025ರ ಸೆಪ್ಟೆಂಬರ್‌ನಿಂದ ಅಣು ಖನಿಜ ಮತ್ತು ನಿರ್ಣಾಯಕ ಖನಿಜಗಳ ಗಣಿಗೂ ಕೇಂದ್ರ ವಿನಾಯಿತಿ ಕೊಟ್ಟಿದೆ. ಆದ್ದರಿಂದ ಯಾವ ಖನಿಜ, ಯಾವ ವರ್ಗ ಅನ್ನೋದನ್ನ ಮೊದಲೇ ತಿಳಿದುಕೊಳ್ಳಿ.

ವರದಿಯಲ್ಲಿ ನಿಮ್ಮ ಹೊಲ ಹುಡುಕಿ

ವರದಿ ದಪ್ಪ ಇರುತ್ತದೆ ಅಂತ ಹೆದರಬೇಡಿ. ಸಾಮಾನ್ಯವಾಗಿ ಗಣಿ ಸುತ್ತಲಿನ 10 ಕಿಲೋಮೀಟರ್ ಪ್ರದೇಶದ ಅಧ್ಯಯನ ಅದರಲ್ಲಿರುತ್ತದೆ. ರೈತ ಹುಡುಕಬೇಕಾದದ್ದು ನಾಲ್ಕೇ ವಿಷಯ.

ನೀರು: ಗಣಿ ಹೊಂಡ ಎಷ್ಟು ಆಳ ಹೋಗುತ್ತದೆ, ಅಂತರ್ಜಲ ಎಷ್ಟು ಆಳದಲ್ಲಿದೆ? ಹೊಂಡ ಅಂತರ್ಜಲಕ್ಕಿಂತ ಕೆಳಗಿಳಿದರೆ ಸುತ್ತಲಿನ ನೀರು ಅದರೊಳಕ್ಕೆ ಜಿನುಗುತ್ತದೆ. ಅದನ್ನು ಪಂಪ್ ಹಾಕಿ ಹೊರಗೆ ಚೆಲ್ಲುತ್ತಾರೆ. ಅಕ್ಕಪಕ್ಕದ ಬಾವಿಗಳ ಮಟ್ಟ ಇಳಿಯುತ್ತದೆ. ಅವರು ಅಳೆದ ಬಾವಿಗಳ ಪಟ್ಟಿಯಲ್ಲಿ ನಿಮ್ಮ ಊರಿನದು ಒಂದಾದರೂ ಇದೆಯಾ?

ಹಳ್ಳ, ಕೆರೆ: ತೆಗೆದ ಮೇಲ್ಮಣ್ಣು, ಕಲ್ಲು ಎಲ್ಲಿ ಗುಡ್ಡೆ ಹಾಕ್ತಾರೆ? ಮಳೆ ಬಂದಾಗ ಅದು ಯಾವ ಹಳ್ಳಕ್ಕೆ, ಯಾವ ಕೆರೆಗೆ ಇಳಿಯುತ್ತದೆ? ಮಾಹಿತಿ ಸಂಗ್ರಹಿಸುವುದು ಹೆಚ್ಚಾಗಿ ಮಳೆಗಾಲ ಬಿಟ್ಟು ಒಂದೇ ಹಂಗಾಮಿನಲ್ಲಿ. ಬೇಸಿಗೆಯಲ್ಲಿ ಬಂದವರಿಗೆ ಹಳ್ಳ ‘ಒಣ ಕಾಲುವೆ’ ಥರ ಕಾಣೋದು ಸಹಜ. ಮಳೆಗಾಲದ ಫೋಟೊ, ವಿಡಿಯೊ ನಿಮ್ಮ ಮೊಬೈಲಿನಲ್ಲಿವೆ.

ದೂಳು: ಎಲೆ ಮೇಲೆ ದೂಳಿನ ಪದರ ಕೂತರೆ ಬೆಳಕು ತಾಗುವುದು ಕಡಿಮೆ, ಪತ್ರರಂಧ್ರ ಮುಚ್ಚುತ್ತವೆ, ಇಳುವರಿ ಕುಗ್ಗುತ್ತದೆ. ದೂಳು ಹಿಡಿದ ಹಿಪ್ಪುನೇರಳೆ ಸೊಪ್ಪು ಹುಳು ಸರಿಯಾಗಿ ತಿನ್ನೋದಿಲ್ಲ. ಲಾರಿ ಯಾವ ರಸ್ತೆಯಲ್ಲಿ, ದಿನಕ್ಕೆ ಎಷ್ಟು ಸಲ ಓಡುತ್ತವೆ ಅನ್ನೋ ಲೆಕ್ಕ ವರದಿಯಲ್ಲಿ ಹುಡುಕಿ.

ಬೆಳೆ: ನಿಮ್ಮ ಸರ್ವೆ ನಂಬರನ್ನು ‘ಪಾಳು’ ಅಥವಾ ‘ಒಂದೇ ಬೆಳೆ’ ಅಂತ ತೋರಿಸಿದ್ದಾರಾ?

ನಿಮ್ಮ ಪುಸ್ತಕ ಈಗಲೇ ಶುರುವಾಗಲಿ

ಸಾವಯವ ದೃಢೀಕರಣ ಮಾಡಿಸಿದವರಿಗೆ ಇದು ಹೊಸದಲ್ಲ. ಏನು ಹಾಕಿದೆ, ಎಷ್ಟು ಬಂತು ಅಂತ ನಾವು ದಿನಾ ಬರೆಯೋ ಡೈರಿ ಇದೆಯಲ್ಲ, ಇಲ್ಲಿ ಅದೇ ಸಾಕ್ಷಿ. ಪಹಣಿ, ಬೆಳೆ ಸಮೀಕ್ಷೆ ವಿವರ, ಮಣ್ಣು ಪರೀಕ್ಷೆ ಚೀಟಿ, ಡೈರಿಗೆ ಹಾಲು ಹಾಕಿದ ಲೆಕ್ಕ, ಮಂಡಿ ಬಿಲ್ಲು ಎಲ್ಲ ಒಂದೇ ಫೈಲಿಗೆ ಸೇರಿಸಿ.

ನೀರಿನ ಲೆಕ್ಕ ಹೀಗೆ: ತೆರೆದ ಬಾವಿಯಾದರೆ ಹಗ್ಗಕ್ಕೆ ಕಲ್ಲು ಕಟ್ಟಿ, ಕಟ್ಟೆಯಿಂದ ನೀರಿನವರೆಗೆ ಅಳೆಯಿರಿ. ಕೊಳವೆಬಾವಿಯಾದರೆ ಮೋಟಾರು ಅರ್ಧ ಗಂಟೆ ಓಡಿದ ಮೇಲೆ 200 ಲೀಟರ್ ಡ್ರಮ್ಮು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. 100 ಸೆಕೆಂಡ್ ಹಿಡಿದರೆ ಗಂಟೆಗೆ 7,200 ಲೀಟರ್. ತಿಂಗಳಿಗೊಮ್ಮೆ ಅದೇ ಕ್ರಮದಲ್ಲಿ ಅಳೆದು ದಿನಾಂಕ ಹಾಕಿ. ಇಪ್ಪತ್ತು ಮನೆಯವರು ಬರೆದರೆ ಅದು ಊರಿನ ಜಲ ಲೆಕ್ಕ. ಇಂದಿನ ಅಳತೆ ಇಲ್ಲದಿದ್ದರೆ ನಾಳೆ ಬಾವಿ ಬತ್ತಿದಾಗ ‘ಮಳೆ ಕಮ್ಮಿಯಾಯ್ತು’ ಅನ್ನೋ ಉತ್ತರ ಸಿಗ್ತದೆ, ಅಷ್ಟೇ.

ಸಭೆಯ ದಿನ

ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿ. ಮಾತಾಡುವುದನ್ನು ಬರವಣಿಗೆಯಲ್ಲೂ ಕೊಟ್ಟು ಸ್ವೀಕೃತಿ ಪಡೆಯಿರಿ. ಸಭೆಗೆ ಬರಲಾಗದ ಅಜ್ಜಿ, ಅಕ್ಕಂದಿರ ಆಕ್ಷೇಪವನ್ನು ಮೊದಲೇ ಬರೆಸಿ, ಅವರ ಸಹಿ ಹಾಕಿಸಿ ಮಂಡಳಿಗೆ ಕಳಿಸಿ. ಒಂದೇ ಅರ್ಜಿಯ ನೂರು ಜೆರಾಕ್ಸ್‌ಗಿಂತ ಹತ್ತು ಬೇರೆ ಬೇರೆ ಹೊಲದ ಹತ್ತು ಅರ್ಜಿಗೆ ತೂಕ ಹೆಚ್ಚು.

‘ಗಣಿ ಬಂದ್ರೆ ನಾವು ಸತ್ತೋಗ್ತೀವಿ’ ಅನ್ನೋ ಸಂಕಟ ನಿಜವೇ. ಆದರೆ ನಡಾವಳಿಯಲ್ಲಿ ಅದು ‘ಗ್ರಾಮಸ್ಥರು ವಿರೋಧ ವ್ಯಕ್ತಪಡಿಸಿದರು’ ಎಂದು ಒಂದು ಸಾಲಾಗಿಬಿಡಬಹುದು. ಅದೇ ಮಾತನ್ನು ಹೀಗೆ ಕೇಳಿ ನೋಡಿ: ‘ನನ್ನ ಸರ್ವೆ ನಂಬರ್ ಇಂಥದ್ದು. ಗಣಿ ಗಡಿಯಿಂದ 600 ಮೀಟರ್. ಎರಡು ಎಕರೆ ಅಡಿಕೆ, ಒಂದೇ ಕೊಳವೆಬಾವಿ, ಗಂಟೆಗೆ 7,200 ಲೀಟರ್ ನೀರು. ನಿಮ್ಮ ವರದಿಯಲ್ಲಿ ಈ ಬಾವಿ ಯಾಕಿಲ್ಲ? ಇದು ಬತ್ತಿದರೆ ಯಾರು, ಎಷ್ಟು ದಿನದಲ್ಲಿ, ಏನು ಕೊಡ್ತೀರಿ?’ ಇದಕ್ಕೆ ಉತ್ತರ ಬರೆಯಲೇಬೇಕಾಗುತ್ತದೆ.

ಸಭೆಯ ವಿಡಿಯೊ ಚಿತ್ರೀಕರಣ ಕಡ್ಡಾಯ. ನೀವೂ ಒಬ್ಬರಿಗೆ ಆ ಕೆಲಸ ವಹಿಸಿ. ಕೊನೆಗೆ ನಡೆದದ್ದರ ಸಾರಾಂಶವನ್ನು ಕನ್ನಡದಲ್ಲಿ ಓದಿ ಹೇಳಬೇಕು, ಅಂದೇ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಸಹಿ ಹಾಕಬೇಕು. ಊಟದ ಹೊತ್ತಾಯ್ತು ಅಂತ ಎದ್ದು ಬರಬೇಡಿ. ನಿಮ್ಮ ಮಾತು ಬಿಟ್ಟುಹೋಗಿದ್ದರೆ ತಿದ್ದಿಸುವ ಸಮಯ ಅದೊಂದೇ.

ಕಲ್ಲು, ಕುರ್ಚಿ ಎಸೆದರೆ ಕೇಸು ಬೀಳೋದು ನಿಮ್ಮ ಮೇಲೆ. ಮರುದಿನ ಸುದ್ದಿಯಾಗೋದು ಗಲಾಟೆ, ಬಾವಿಯಲ್ಲ.

ಸಭೆ ಮುಗಿದ ಮೇಲೆ

ಜನ ಎತ್ತಿದ ವಿಷಯ, ಕಂಪನಿ ಕೊಟ್ಟ ಉತ್ತರದ ಪಟ್ಟಿಯನ್ನು ಪಂಚಾಯ್ತಿ ಕಚೇರಿಯಲ್ಲಿ ಪ್ರದರ್ಶಿಸಬೇಕು. ಪಿಡಿಒ ಹತ್ತಿರ ಕೇಳಿ, ಫೋಟೊ ತೆಗೆದುಕೊಳ್ಳಿ. ಪರಿವೇಶ್‌ನಲ್ಲಿ ಯೋಜನೆಯ ಸ್ಥಿತಿ ವಾರಕ್ಕೊಮ್ಮೆ ನೋಡಿ. ಅನುಮತಿ ಸಿಕ್ಕರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು ಇರೋದು 30 ದಿನ. ಸಕಾರಣ ಇದ್ದರೆ ಇನ್ನು 60 ದಿನದವರೆಗೆ ಅವಕಾಶ ಕೊಡಬಹುದು. ಕರ್ನಾಟಕದವರಿಗೆ ಚೆನ್ನೈನ ದಕ್ಷಿಣ ಪೀಠ.

ಊರು ಎರಡಾಗದಿರಲಿ

ಎಲ್ಲ ಊರಲ್ಲೂ ಗಣಿ ಬೇಕು ಅನ್ನೋರು ಇರ್ತಾರೆ. ಭೂಮಿ ಇಲ್ಲದವರಿಗೆ ಕೂಲಿ ಸಿಗೋ ಆಸೆ, ಲಾರಿ ಇಟ್ಟವರಿಗೆ ಬಾಡಿಗೆಯ ಆಸೆ. ಅವರನ್ನು ಊರದ್ರೋಹಿ ಅಂತ ಕರೆದರೆ ಸಭೆಯಲ್ಲಿ ಜಗಳ ನಮ್ಮ ನಮ್ಮಲ್ಲೇ. ಬದಲಿಗೆ ಅವರ ಪ್ರಶ್ನೆಯನ್ನೂ ಕೇಳಿಸಿ: ಸ್ಥಳೀಯರಿಗೆ ಎಷ್ಟು ಕೆಲಸ, ಕಾಯಂ ಎಷ್ಟು, ಗುತ್ತಿಗೆ ಎಷ್ಟು, ಗಣಿ ಮುಚ್ಚಿದ ಮೇಲೆ ಏನು? ಈ ಉತ್ತರವೂ ದಾಖಲೆಯಾಗಲಿ. ಗಣಿ ಒಂದು ದಿನ ಮುಚ್ಚುತ್ತದೆ. ಆಮೇಲೂ ಅದೇ ಕೆರೆ ನೀರಿಗೆ ಇಬ್ಬರೂ ಬರಬೇಕು.

ನಿಮ್ಮೂರಿಗೆ ಗಣಿಯ ಸುದ್ದಿಯೇ ಇಲ್ಲವಾ? ಒಳ್ಳೇದಾಯ್ತು. ಈ ಭಾನುವಾರ ಒಂದು ಡ್ರಮ್ಮು, ಒಂದು ಮೊಬೈಲು ಹಿಡಿದು ಬಾವಿ ಹತ್ತಿರ ಹೋಗಿ. ಆ ಅಳತೆ ಬೆಳೆ ಯೋಜನೆಗಂತೂ ಬೇಕೇ ಬೇಕು.